ಮಾವನ ಬದಲಿ ಹಾಜರಿ

ನಮ್ಮ ಸೋದರಮಾವ ಭಾನುವಾರ ಬಂತೆಂದರೆ ಇಗರ್ಜಿಯಲ್ಲಿ ಒಂದಲ್ಲ, ಎರಡು ಪೂಜೆ ಕೇಳುತ್ತಿದ್ದರು. ಆಹಾ, ಎಂಥ ಭಕ್ತಿ ಅಂದುಕೊಂಡಿರಾ? ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ! ಆ ಎರಡರಲ್ಲಿ ಒಂದೂ ಅವರದಾಗಿರಲಿಲ್ಲ. ಮೊದಲನೆಯ ಪೂಜೆ ನನ್ನ ಗಂಡನ ಪರವಾಗಿ, ಎರಡನೆಯದು ನನ್ನ ಪರವಾಗಿ. ಹಾಗಾದರೆ ಅವರದ್ದು? "ನಂದು ಬಿಡು ಮಗಳೇ, ದೇವರಿಗೆ ನನ್ನ ಗುರುತುಂಟು" ಎಂದು ಹೇಳಿ ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕೂರುತ್ತಿದ್ದರು.

ಇದು ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ಮಡಿಕೇರಿಯಲ್ಲೇ ನಮ್ಮ ಸರಕಾರ, ನಮ್ಮ ಮಂತ್ರಿಗಳು. ಸಿಟ್ಟು ಬಂದವರು ಬೆಳಗಿನ ಬಸ್ಸಿಗೆ ಹೋಗಿ ಮಂತ್ರಿಯನ್ನೇ ಬೈದು, ಸಂಜೆ ಬಸ್ಸಿಗೆ ವಾಪಸ್ಸು ಬಂದು ಊಟ ಮಾಡಬಹುದಿತ್ತು. ನಾವು ಕನ್ನಡದ ಕ್ರೈಸ್ತರು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಬಾಳೆಲೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಿಂತವರು. ನನ್ನ ಗಂಡ ಆ ಎಸ್ಟೇಟಿನ ಲಾರಿ ಡ್ರೈವರ್. ಮಾವ ಅದೇ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು, ವಯಸ್ಸಾದ ಮೇಲೆ ನಮ್ಮ ಜೊತೆಗೇ ಇದ್ದವರು. ಅವರಿಗೆ ಮಕ್ಕಳಿಲ್ಲ, ಅತ್ತೆ ತೀರಿಕೊಂಡಿದ್ದರು.

ಮಾವನ ಹುಚ್ಚು ಒಂದೇ. ಬದಲಿ! ಎಸ್ಟೇಟಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ ಮುಂದೆ ಹಾಜರಿ ಕೂಗುತ್ತಾರೆ. ಯಾರಿಗಾದರೂ ಜ್ವರ ಬಂದಿದ್ದರೆ ಅವನ ತಮ್ಮನೋ ಭಾವನೋ ಅವನ ಕತ್ತಿ ಹಿಡಿದು ಬಂದು ನಿಲ್ಲುತ್ತಾನೆ. ಅವನ ಹೆಸರು ಕೂಗಿದಾಗ ಇವನು "ಇದ್ದೀನಿ" ಅನ್ನುತ್ತಾನೆ. ಕೆಲಸ ಆಯಿತಾ, ಹಾಜರಿ ಬಿತ್ತಾ, ಅಲ್ಲಿಗೆ ಮುಗಿಯಿತು. ಹೀಗೆ ವರ್ಷಗಟ್ಟಲೆ ಹಾಜರಿ ಕೂಗಿ ಕೂಗಿ, ಇಡೀ ಲೋಕ ನಡೆಯುವುದೇ ಹೀಗೆ ಎಂದು ಮಾವನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರ ಬದಲು ಯಾರು ಬೇಕಾದರೂ ನಿಲ್ಲಬಹುದು! ಮದುವೆಯ ಊಟಕ್ಕೂ ಅದೇ ಕಾನೂನು. ಒಮ್ಮೆ ಶ್ರೀಮಂಗಲದಲ್ಲಿ ಕೊಡವರ ಮನೆಯ ಮದುವೆ. ಮಾವ ಮೊದಲ ಪಂಕ್ತಿಯಲ್ಲಿ ಕೂತು ಕಡಂಬುಟ್ಟು, ಪಂದಿ ಕರಿ ಗಡದ್ದಾಗಿ ಹೊಡೆದರು. ಕೈ ತೊಳೆದು ಬಂದು ಎರಡನೇ ಪಂಕ್ತಿಯಲ್ಲೂ ಕೂತರು. ಬಡಿಸುವವರು "ಮೇಸ್ತ್ರಿ, ನಿಮ್ಮದು ಆಯ್ತಲ್ಲಾ?" ಎಂದರೆ, "ನಂದು ಆಯ್ತು. ಇದು ನಮ್ಮಣ್ಣನದ್ದು. ಅವನಿಗೆ ಬರಲಿಕ್ಕಾಗಲಿಲ್ಲ, ನೀವು ಬೇಜಾರು ಮಾಡ್ಕೋಬಾರದಲ್ಲ!" ಎಂದರಂತೆ.

ಬರೀ ಊಟದ ವಿಷಯಕ್ಕೆ ಹೀಗೆ ಅಂದುಕೊಳ್ಳಬೇಡಿ. ಎಸ್ಟೇಟಿನ ಆಸ್ಪತ್ರೆಯಲ್ಲಿ ಒಂದು ಸಲ ಎಲ್ಲರಿಗೂ ಕಾಲರಾ ಸೂಜಿ ಚುಚ್ಚಿದರು. ನಮ್ಮತ್ತೆಗೆ ಸೂಜಿ ಕಂಡರೆ ತಲೆ ತಿರುಗುತ್ತಿತ್ತು. ಮಾವ ಏನು ಮಾಡಿದರು? ಒಂದು ಸಲ ಚುಚ್ಚಿಸಿಕೊಂಡು ಬಂದು, ಅಂಗಿ ಬದಲಾಯಿಸಿ, ತಲೆಗೆ ರುಮಾಲು ಸುತ್ತಿ, ಇನ್ನೊಂದು ತೋಳು ಒಡ್ಡಿ ಮತ್ತೆ ಸಾಲಿನಲ್ಲಿ ನಿಂತರು! ಸಂಜೆಗೆ ಎರಡೂ ತೋಳು ಊದಿಕೊಂಡು, ಜ್ವರ ಬಂದು, ಕಂಬಳಿ ಹೊದ್ದು ನಡುಗುತ್ತಾ ಮಲಗಿದರು. ಅತ್ತೆ ಗಂಜಿ ಕುಡಿಸುತ್ತಾ, "ಇದರಲ್ಲಿ ನನ್ನ ಜ್ವರ ಎಷ್ಟು, ನಿಮ್ಮ ಜ್ವರ ಎಷ್ಟು?" ಎಂದು ಕೇಳಿದರೆ, "ನಿಂದು ಎಡಗೈಯದ್ದು. ಅದೇ ಜಾಸ್ತಿ ನೋಯ್ತಿದೆ" ಎಂದು ಮುಖ ಹಿಂಡಿದರಂತೆ. ಅತ್ತೆ ಇದನ್ನು ಹೇಳುವಾಗೆಲ್ಲ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ದೇಶಕ್ಕೆ ಮೊದಲ ಚುನಾವಣೆ ಬಂತು. ಮಾವ ಓಟು ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಹಚ್ಚಿಸಿಕೊಂಡು ಹೊರಗೆ ಬರಬೇಕೋ ಬೇಡವೋ? ಇಲ್ಲ! ಅಲ್ಲೇ ನಿಂತು, "ನಮ್ಮ ಪಕ್ಕದ ಮನೆಯವನಿಗೆ ಸೊಂಟ ಹಿಡ್ಕೊಂಡಿದೆ ಸಾರ್, ಅವನದ್ದೂ ಕೊಡಿ" ಎಂದರು. ಆಫೀಸರು "ಅವರೇ ಬರಬೇಕು" ಎಂದರೆ, "ಅವನೇ ಬರೋ ಹಾಗಿದ್ರೆ ನಾನ್ಯಾಕೆ ಕೇಳ್ತಿದ್ದೆ?" ಅಂತ ಇವರು. ಕೊನೆಗೆ ಆಫೀಸರು ಪೊಲೀಸಿನವನನ್ನು ಕರೆದಾಗ ಮಾವನಿಗೆ ನಿಜವಾಗಿಯೂ ನೋವಾಯಿತು. "ನಾನು ಮೋಸ ಮಾಡೋನಲ್ಲ ಸಾರ್! ಅವನ ಪಾರ್ಟಿ ಬೇರೆ, ನನ್ನ ಪಾರ್ಟಿ ಬೇರೆ. ಆದ್ರೂ ನ್ಯಾಯವಾಗಿ ಅವನ ಪಾರ್ಟಿಗೇ ಹಾಕ್ತಿದ್ದೆ!" ಎಂದು ಇಬ್ಬರ ಗುಟ್ಟನ್ನೂ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿ ಹೊರಗೆ ಬಂದರು. ಇಂಥ ಮನುಷ್ಯನ ಕೈಗೆ ನಾನು ನನ್ನ ಮಗಳ ಜ್ಞಾನಸ್ನಾನದ ಕೆಲಸ ಒಪ್ಪಿಸಿದೆ. ನನ್ನ ಬುದ್ಧಿಗೆ ಏನು ಹೇಳುತ್ತೀರಿ?

ಒಪ್ಪಿಸದೆ ಬೇರೆ ದಾರಿ ಇರಲಿಲ್ಲ. ನಾನೂ ನನ್ನ ಗಂಡನೂ ಇಗರ್ಜಿಯ ಮೆಟ್ಟಿಲು ಹತ್ತದೆ ವರ್ಷಗಳಾಗಿದ್ದವು. ಕೇಳಿದವರಿಗೆ, "ಭಾನುವಾರ ಗೋಣಿಕೊಪ್ಪಲು ಸಂತೆ, ಲೈನಿನವರನ್ನೆಲ್ಲ ಲಾರಿಯಲ್ಲಿ ಕರ್ಕೊಂಡು ಹೋಗಬೇಕು, ಪುರಸೊತ್ತೆಲ್ಲಿ?" ಅನ್ನುತ್ತಿದ್ದೆವು. ಅದು ನೆಪ. ನಿಜ ಹೇಳಿಬಿಡುತ್ತೇನೆ. ಈ ಮಗಳಿಗಿಂತ ಮುಂಚೆ ನಮಗೊಬ್ಬ ಮಗ ಹುಟ್ಟಿದ್ದ. ದಿನ ತುಂಬದೆ ಹುಟ್ಟಿದ ಕೂಸು, ಮರುದಿನವೇ ಹೋಯಿತು. ಪ್ರಾಣ ಹೋಗುವ ಕೂಸಿಗೆ ಮನೆಯವರೇ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಂತೆ. ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದರು! ಆಗ ಇಗರ್ಜಿಯಲ್ಲಿದ್ದ ಮುದಿ ಪಾದ್ರಿ ಸ್ವಾಮಿಯವರು, ಜ್ಞಾನಸ್ನಾನ ಇಲ್ಲದ ಕೂಸಿಗೆ ಸಮಾಧಿ ತೋಟದೊಳಗೆ ಜಾಗವಿಲ್ಲ ಅಂದುಬಿಟ್ಟರು. ಕಾನೂನು ಹಾಗಿತ್ತು. ನನ್ನ ಗಂಡ ಅದರ ಗೋಡೆಯಾಚೆ ತಾನೇ ಗುಂಡಿ ತೋಡಿದ. ಮಾವ ಜೊತೆಗಿದ್ದರು. ಮನೆಗೆ ಬಂದವನು ಕೈ ಕಾಲು ತೊಳೆದು, "ಇನ್ನು ನಾನು ಆ ಬಾಗಿಲು ತುಳಿಯಲ್ಲ" ಎಂದ. ಅಷ್ಟೇ ಅವನು ಆಡಿದ್ದು. ಆ ಮಗುವಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲೇ ಇಲ್ಲ.

ನೀನೊಬ್ಬಳಾದರೂ ಹೋಗಬಹುದಿತ್ತಲ್ಲ ಅನ್ನುತ್ತೀರಾ? ಹೋಗಬಹುದಿತ್ತು. ಆದರೆ ಇಗರ್ಜಿಯ ದಾರಿ ಆ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ನನಗೆ ಕಾಲೇ ಏಳುತ್ತಿರಲಿಲ್ಲ.

ಆಮೇಲೆ ಮಗಳು ಹುಟ್ಟಿದಳು. ಅವಳು ಹಾಲು ಕುಡಿಯುವಾಗ ಒಂದು ಸಲ ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಇವಳಿಗೂ ಏನಾದರೂ ಆಗಿಬಿಟ್ಟರೆ? ಇವಳನ್ನೂ ಗೋಡೆಯಾಚೆ ಇಡಬೇಕಾ? ರಾತ್ರಿ ಹಗಲು ಅದೇ ಹೆದರಿಕೆ. ಗಂಡನಿಗೆ ಹೇಳಿದರೆ, "ನೀವು ಮಾಡಿಸ್ಕೊಳ್ಳಿ. ನಾನು ಬೇಡ ಅನ್ನಲ್ಲ, ಬರೋದೂ ಇಲ್ಲ" ಎಂದ. ಅಷ್ಟರಲ್ಲಿ ಮುದಿ ಸ್ವಾಮಿಯವರು ಹೋಗಿ ಮಂಗಳೂರು ಕಡೆಯ ಪ್ರಾಯದ ಸ್ವಾಮಿಯವರೊಬ್ಬರು ಬಂದಿದ್ದರು. ಮಾವ ಅಂಗಿ ಒಗೆಸಿ, ಕೊಡೆ ಹಿಡಿದು, ಅವರನ್ನು ಕಾಣಲು ಹೊರಟರು.

ಹೊಸ ಸ್ವಾಮಿಯವರು ಒಳ್ಳೆಯವರೇ, ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ತಂದೆತಾಯಿ ಇಗರ್ಜಿಗೇ ಬಾರದಿದ್ದರೆ ಮಗುವಿಗೆ ಶಿಲುಬೆ ಗುರುತು ಹಾಕಲು ಕಲಿಸುವವರು ಯಾರು? ಮೊದಲು ಅವರಿಬ್ಬರೂ ಒಂದಷ್ಟು ಭಾನುವಾರ ಪೂಜೆಗೆ ಬರಲಿ, ಆಮೇಲೆ ಜ್ಞಾನಸ್ನಾನ, ಎಂದರು. ಮಾವ ಮನೆಗೆ ಬಂದು ನನಗೆ ಹೇಳಿದ್ದೇನು ಗೊತ್ತಾ? "ಸ್ವಾಮಿ ಒಪ್ಪಿದ್ದಾರೆ ಮಗಳೇ. ಸ್ವಲ್ಪ ಹಾಜರಿ ಕಮ್ಮಿ ಬಿದ್ದಿದೆಯಂತೆ. ಅದನ್ನ ನಾನು ನೋಡ್ಕೊಳ್ತೀನಿ."

ನೋಡಿಕೊಂಡರು! ಮುಂದಿನ ಭಾನುವಾರ ಬೆಳಗಿನ ಪೂಜೆಗೆ ನನ್ನ ಗಂಡನ ಖಾಕಿ ಕೋಟು ತೊಟ್ಟುಕೊಂಡು ಹೋಗಿ ಗಂಡಸರ ಕಡೆ ಕೂತರು. ಅಲ್ಲಿಗೆ ಅಳಿಯನ ಹಾಜರಿ ಬಿತ್ತು. ಎರಡನೆಯ ಪೂಜೆಗೆ ನನ್ನ ಹಾಜರಿ. ಅಂದರೆ ಎಲ್ಲಿ ಕೂರಬೇಕು? ನಮ್ಮ ಇಗರ್ಜಿಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಾವ ಕೆಲಸದಲ್ಲಿ ಕಳ್ಳಾಟ ಆಡುವವರಲ್ಲ. ಹೆಂಗಸರ ಕಡೆಗೇ ಹೋಗಿ ಕೂತರು! ಹೆಂಗಸರು ತಲೆ ಮುಚ್ಚಬೇಕೆಂದು ಹೆಗಲ ಮೇಲಿದ್ದ ಟವಲನ್ನು ತಲೆಯ ಮೇಲೆ ಎಳೆದುಕೊಂಡರು. ಕೆಳಗೆ ಪೊರಕೆಯಂಥ ಮೀಸೆ! ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಜಪಸರ ಹಿಡಿದ ಕೈಯಲ್ಲೇ ಪಕ್ಕೆಗೆ ತಿವಿದು, "ಥೂ, ನಾಚಿಕೆ ಆಗಲ್ವಾ ನಿಂಗೆ?" ಎಂದರಂತೆ. "ನಂಗೂ ಆಗ್ತದೆ ತಾಯಿ. ಆದ್ರೆ ನಾನೀಗ ನಾನಲ್ಲ" ಎಂದು ಇವರು ಕೈ ಮುಗಿದರು. ಅಷ್ಟು ಹೊತ್ತಿಗೆ ಸ್ವಾಮಿಯವರು ಲತೀನ್ ಭಾಷೆಯಲ್ಲಿ ಆಶೀರ್ವಾದ ಹೇಳಲು ಜನರ ಕಡೆ ತಿರುಗಿದರು. ಹೆಂಗಸರ ನಡುವೆ ಮುಸುಕು ಹಾಕಿದ ಮೀಸೆ ಕಂಡದ್ದೇ, ಲತೀನು ಅರ್ಧದಲ್ಲೇ ನಿಂತುಹೋಯಿತು. ಪಾಪ, ಅವರ ಓದಿನಲ್ಲಿ ಇಂಥದಕ್ಕೆ ಪಾಠ ಇತ್ತೋ ಇಲ್ಲವೋ!

ಪೂಜೆ ಮುಗಿದ ಮೇಲೆ ಸ್ವಾಮಿಯವರು ಮಾವನನ್ನು ತಮ್ಮ ಮನೆಯ ಜಗಲಿಗೆ ಕರೆಸಿದರು. ಆಮೇಲೆ ನಡೆದದ್ದನ್ನು ಮಾವ ನನಗೆ ಎರಡು ದನಿಯಲ್ಲಿ ಆಡಿ ತೋರಿಸಿದ್ದಾರೆ. ಸ್ವಾಮಿಯವರೂ ಆಮೇಲೆ ಹೌದು ಅಂದಿದ್ದರಿಂದ ಸುಳ್ಳಿರಲಿಕ್ಕಿಲ್ಲ.

"ಇದೆಂಥದು ಮೇಸ್ತ್ರಿಯವರೇ, ವೇಷ?"

"ವೇಷ ಅಲ್ಲ ಸ್ವಾಮಿ, ಬದಲಿ."

"ದೇವರ ಹತ್ತಿರ ಬದಲಿ ನಡಿಯುದಿಲ್ಲ."

"ಹೌದಾ? ಹಾಗಾದ್ರೆ ಜ್ಞಾನಸ್ನಾನದ ದಿನ 'ಸೈತಾನನನ್ನು ಬಿಟ್ಟೆಯಾ' ಅಂತ ಕೂಸಿಗೆ ಕೇಳ್ತೀರಲ್ಲ, ಕೂಸು ಉತ್ತರ ಕೊಡ್ತದಾ?"

"ಕೂಸನ್ನು ಎತ್ತಿಕೊಂಡು ನಿಲ್ಲುವ ಜ್ಞಾನಪಿತ ಕೊಡ್ತಾನೆ."

"ಯಾರ ಬದಲು?"

ಸ್ವಾಮಿಯವರಿಗೆ ನಗು ಬಂತು. ಆದರೆ ಅವರೂ ಬಿಡಲಿಲ್ಲ. "ಮಗುವಿಗೆ ಮಾತು ಬರುದಿಲ್ಲ ಮೇಸ್ತ್ರಿಯವರೇ, ಅದಕ್ಕೆ ಇನ್ನೊಬ್ಬ ಮಾತಾಡ್ತಾನೆ. ನಿಮ್ಮ ಅಳಿಯನಿಗೆ ಮಾತು ಬರ್ತದಲ್ಲ?"

ಮಾವ, "ಎಲ್ಲಿ ಬರ್ತದೆ ಸ್ವಾಮಿ? ಆ ಗಂಡುಕೂಸು ಹೋದಾಗಿನಿಂದ ಈ ಒಂದು ವಿಷಯಕ್ಕೆ ಅವನಿಗೂ ಮಾತು ಬರಲ್ಲ" ಎಂದರಂತೆ. ಆಮೇಲೆ ಗೋಡೆಯ ಕತೆ ಹೇಳಿದರು. ಸ್ವಾಮಿಯವರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ತಿಂಗಳು ಮಗುವನ್ನು ಕರ್ಕೊಂಡು ಬನ್ನಿ. ನೀವೇ ಜ್ಞಾನಪಿತ" ಎಂದರು. ಆದರೆ ಒಂದು ಷರತ್ತು: ಮಾವ ಇನ್ನು ಯಾರ ಹಾಜರಿ ಹಾಕಿದರೂ ಗಂಡಸರ ಕಡೆಯೇ ಕೂತು ಹಾಕಬೇಕು! ಜ್ಞಾನಸ್ನಾನದ ಭಾನುವಾರದವರೆಗೂ ಮಾವ ಹಾಗೆಯೇ ನಮ್ಮಿಬ್ಬರ ಹಾಜರಿ ತಪ್ಪದೆ ಹಾಕಿದರು.

ಜ್ಞಾನಸ್ನಾನಕ್ಕೆ ನಾವು ಹೋದ ವೈಭವ ಕೇಳಬೇಕು. ಸಂತೆಯ ಲಾರಿಯಲ್ಲೇ ಹೋದೆವು, ಇಗರ್ಜಿ ಅದೇ ದಾರಿಯಲ್ಲಿ ಸಿಗುತ್ತದಲ್ಲ! ಮುಂದೆ ನನ್ನ ಗಂಡ, ಬಿಳಿ ಅಂಗಿ ತೊಟ್ಟ ಮಗಳನ್ನು ಎತ್ತಿಕೊಂಡ ನಾನು, ಬಾಗಿಲ ಕಡೆ ಮಾವ. ಹಿಂದೆ ಲೈನಿನ ಜನ, ಖಾಲಿ ಬುಟ್ಟಿ, ಮಾರಲು ತಂದ ಕೋಳಿ, ಬಾಳೆಗೊನೆ. ತಮಿಳರು, ಮಲಯಾಳಿಗಳು, ತುಳುವರು, ಎಲ್ಲರ ಬಾಯಲ್ಲೂ ಅವರವರ ಮಾತು. ಆ ಗೋಡೆಯ ಪಕ್ಕ ಬರುವಾಗ ನಾನು ಕಣ್ಣು ಮುಚ್ಚಿಕೊಂಡೆ. ಗಂಡ ಲಾರಿಯನ್ನು ಇಗರ್ಜಿಯ ಗೇಟಿನ ಹೊರಗೆ ನಿಲ್ಲಿಸಿದ. ಎಂಜಿನ್ನು ಆರಿಸಲಿಲ್ಲ. "ಹೋಗ್ಬನ್ನಿ" ಎಂದ. ಹಿಂದಿದ್ದವರೆಲ್ಲ ಸಂತೆ ಮರೆತು ಧಬಧಬ ಇಳಿದು ನಮ್ಮ ಮುಂದೆಯೇ ಹೋಗಿ ಬಾಗಿಲಲ್ಲಿ ಜಾಗ ಹಿಡಿದರು. ಒಬ್ಬಳ ಕಂಕುಳಲ್ಲಿ ಕೋಳಿ ಹಾಗೆಯೇ ಇತ್ತು.

ನಾವು ಇಳಿಯುವಷ್ಟರಲ್ಲಿ ಸ್ವಾಮಿಯವರು ತಾವೇ ಗೇಟಿನ ತನಕ ನಡೆದು ಬಂದರು. ಮಗುವಿನ ಕೆನ್ನೆ ಮುಟ್ಟಿ, ಲಾರಿಯ ಕಿಟಕಿಗೆ ಕೈಯಿಟ್ಟು, ನನ್ನ ಗಂಡನನ್ನು ನೋಡಿ, "ನಿಮ್ಮ ಹಾಜರಿ ಸರಿಯುಂಟು ಡ್ರೈವರೇ. ನಿಮ್ಮ ಹೆಂಡತಿಯದ್ದೂ ಸರಿಯುಂಟು. ನಿಮ್ಮ ಮಗನದ್ದೂ ಒಂದು ದಿನ ತಪ್ಪಲಿಲ್ಲ" ಎಂದರು.

ಗಂಡ ತಲೆ ಎತ್ತಿದ. "ಯಾರದ್ದು?"

ಸ್ವಾಮಿಯವರು ಒಮ್ಮೆ ಮಾವನ ಕಡೆ ನೋಡಿದರು. "ನಿಮಗೆ ಗೊತ್ತುಂಟು ಅಂತಲೇ ನಾನು ಅಂದುಕೊಂಡದ್ದು. ಎರಡನೇ ಪೂಜೆ ಆದ ಮೇಲೆ ಇಗರ್ಜಿಯೊಳಗೆ ಚಾಪೆ ಹಾಸಿ ಸಣ್ಣ ಮಕ್ಕಳಿಗೆ ಜಪ ಕಲಿಸ್ತೇನೆ. ಮೇಸ್ತ್ರಿಯವರು ಅಲ್ಲಿಗೂ ಬಂದು ಮಕ್ಕಳ ನಡುವೆ ಕೂರ್ತಾರೆ. ಒಂದು ದಿನ ನಾನು ತಮಾಷೆಗೆ, ಇದು ಯಾರ ಬದಲಿ ಅಂತ ಕೇಳಿದೆ."

"ಸ್ವಾಮಿ, ಹೊತ್ತಾಯ್ತು, ಬನ್ನಿ" ಎಂದು ಮಾವ ಅಡ್ಡ ಬಂದರು. ನನ್ನ ಮುಖ ನೋಡಿದವರು ಮತ್ತೆ ನೆಲ ನೋಡಿದರು. ಸಣ್ಣ ದನಿಯಲ್ಲಿ, ಯಾರಿಗೋ ತಪ್ಪೊಪ್ಪಿಕೊಳ್ಳುವ ಹಾಗೆ, "ಅವನಿದ್ದಿದ್ರೆ ಈಗ ಜಪ ಕಲಿಯೋ ವಯಸ್ಸು ಮಗಳೇ. ಹೆಸರಿಟ್ಟಿಲ್ಲ ಅಂತ ಹಾಜರಿ ತಪ್ಪಿಸೋಕಾಗ್ತದಾ?" ಎಂದರು.

ನಾನು ಅಲ್ಲೇ ಅತ್ತುಬಿಟ್ಟೆ. ಇಷ್ಟು ವರ್ಷ ಯಾರ ಬಾಯಲ್ಲೂ ಬಾರದ ನನ್ನ ಮಗ! ಅವನಿಗೂ ವಯಸ್ಸಾಗುತ್ತಿದೆ ಎಂದು ಲೋಕದಲ್ಲಿ ಒಬ್ಬರಾದರೂ ಲೆಕ್ಕ ಇಟ್ಟಿದ್ದರಲ್ಲ! ಗಂಡ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ರಸ್ತೆ ನೋಡುತ್ತಾ ಕೂತಿದ್ದ. ಇಳಿಯುತ್ತಾನೇನೋ ಎಂದು ನಾನು ಕಾದೆ. ಇಳಿಯಲಿಲ್ಲ. ಸ್ವಾಮಿಯವರೂ ಕರೆಯಲಿಲ್ಲ.

ನಾವು ಒಳಗೆ ಹೋದೆವು. ಜ್ಞಾನಸ್ನಾನ ಚೆನ್ನಾಗಿಯೇ ಆಯಿತು. ನಾಲಗೆಗೆ ಉಪ್ಪು ಮುಟ್ಟಿಸಿದಾಗ ಮಗಳು ಮುಖ ಕಿವುಚಿದಳು, ನೀರು ಬಿದ್ದಾಗ ಸೂರು ಹಾರುವಂತೆ ಕಿರುಚಿದಳು, ಜೊತೆಗೆ ಕೋಳಿಯೂ ಕೂಗಿತು. ಸ್ವಾಮಿಯವರು "ಸೈತಾನನನ್ನು ತ್ಯಜಿಸುತ್ತೀಯಾ?" ಎಂದು ಕೇಳಿದರೆ, ಮಾವ ಲೈನಿನ ಮುಂದೆ ಹಾಜರಿಗೆ ನಿಂತವರಂತೆ ಎದೆ ಸೆಟೆಸಿ, "ತ್ಯಜಿಸ್ತೀನಿ!" ಎಂದು ಗರ್ಜಿಸಿದರು. ಬಾಗಿಲಲ್ಲಿ ನಿಂತಿದ್ದ ತಮಿಳು ಮುದುಕನೊಬ್ಬ ಬೆಚ್ಚಿ ತಾನೂ ಏನನ್ನೋ ತ್ಯಜಿಸಿದ. ಸೈತಾನ ಆ ಊರು ಬಿಟ್ಟು ಕೇರಳದ ಕಡೆ ಓಡಿರಬೇಕು! ನಾನು ಅಳುತ್ತಲೇ ನಕ್ಕೆ. ನನ್ನ ಮಗಳಿನ್ನು ಗೋಡೆಯೊಳಗಿನವಳು ಎಂಬ ನಿರಾಳ ಒಂದು ಕಡೆ. ಹೊರಗೆ ಕೂತಿರುವ ಗಂಡನನ್ನು ನೆನೆದು ಸಂಕಟ ಇನ್ನೊಂದು ಕಡೆ. ವಾಪಸ್ಸು ಲಾರಿ ಹತ್ತಿದಾಗ ಅವನು ಮಗಳ ಒದ್ದೆ ತಲೆಯನ್ನು ಅಂಗೈಯಲ್ಲಿ ಒಮ್ಮೆ ಒರೆಸಿದ. ಲಾರಿಯನ್ನು ಸಂತೆಯ ಕಡೆ ಹೊರಡಿಸಿದ.

ಮುಂದಿನ ಭಾನುವಾರ ನಾನೇ ಪೂಜೆಗೆ ಹೋಗಬೇಕು ಅಂದುಕೊಂಡಿದ್ದೆ. ಮಗಳಿಗೆ ನೆಗಡಿಯಾಗಿ ಆಗಲಿಲ್ಲ. "ನಾನಿಲ್ವಾ, ಇನ್ನೊಂದು ದಿನ ನಿನ್ನ ಬದಲು ಕೂತರೆ ಸವೆದುಹೋಗ್ತೀನಾ?" ಎಂದು ಮಾವ ಹೊರಟರು. ಗಂಡ ಎಂದಿನಂತೆ ಜನರನ್ನು ತುಂಬಿಕೊಂಡು ಸಂತೆಗೆ ಹೋದ. ಮಧ್ಯಾಹ್ನದ ಊಟದ ಹೊತ್ತಿಗೆ ಬರಬೇಕಾದ ಮಾವ, ನಾನಿನ್ನೂ ಅಕ್ಕಿ ಆರಿಸುತ್ತಿರುವಾಗಲೇ ಬಂದು ಜಗಲಿಯಲ್ಲಿ ಕೂತರು. ಕೊಡೆ ಪಕ್ಕಕ್ಕಿಟ್ಟರು. ಎಲೆ ಅಡಿಕೆಯ ಚೀಲಕ್ಕೆ ಕೈ ಹಾಕಲಿಲ್ಲ.

"ಏನು ಮಾವ, ಮಕ್ಕಳ ಜಪ ಇರಲಿಲ್ವಾ ಇವತ್ತು?"

"ಉಂಟು. ನಡೀತಾ ಉಂಟು."

"ಮತ್ತೆ ನೀವು?"

"ನನ್ನ ಕೆಲಸ ಹೋಯ್ತು ಮಗಳೇ" ಎಂದರು. ಕಣ್ಣಲ್ಲಿ ನೀರು, ಮೀಸೆಯಡಿ ನಗು. "ಮಕ್ಕಳೆಲ್ಲ ಕೂತಿದ್ವು, ನಾನೂ ಕೂತಿದ್ದೆ. ಗೇಟಿನ ಹತ್ತಿರ ಲಾರಿ ನಿಂತ ಸದ್ದಾಯ್ತು. ನೋಡ್ತೀನಿ, ನಿನ್ನ ಗಂಡ! ಚಪ್ಪಲಿ ಹೊರಗೆ ಬಿಟ್ಟು ಸೀದಾ ಒಳಗೆ ಬಂದ. ಸ್ವಾಮಿಯವರನ್ನ ನೋಡಲಿಲ್ಲ, ದೇವರನ್ನೂ ನೋಡಲಿಲ್ಲ. ಚಾಪೆ ಹತ್ತಿರ ಬಂದು ನನ್ನ ಹೆಗಲು ಮುಟ್ಟಿ, 'ಏಳಿ ಮಾವ, ಅದು ನನ್ನ ಮಗನ ಜಾಗ. ನಾನು ಕೂರ್ತೀನಿ' ಅಂದ."

"ನೀವೇನು ಅಂದ್ರಿ ಮಾವ?"

"ಏನು ಅನ್ನಲಿ?" ಎಂದರು ಮಾವ. "ಎದ್ದು ಜಾಗ ಬಿಟ್ಟುಕೊಟ್ಟೆ."